ಸಹಾಯ ಬೇಕು: ಅಣಕು ಗ್ರಾಮಸಭೆಯಲ್ಲಿ ಉಪ್ಪುನೀರಿನ ಬಾವಿ ಪ್ರತಿ ಸಲ ಸೋಲ್ತದೆ

ಎಲ್ಲರಿಗೂ ನಮಸ್ಕಾರ. ಕುಮಟಾ ಕಡೆಯ ಹಳ್ಳಿ ಶಾಲೆ, 4 ಮತ್ತು 5ನೇ ಕ್ಲಾಸು. ಪಂಚಾಯ್ತಿ ಪಾಠಕ್ಕೆ ಊರನ್ನೇ ಪುಸ್ತಕ ಮಾಡಿಕೊಂಡಿದ್ದೇವೆ. ಮಕ್ಕಳು ಕೇರಿ ಸುತ್ತಿ ನಲ್ಲಿ, ಗಟಾರ, ಮೀನು ಮಾರ್ಕೆಟ್ ಎಲ್ಲ ನಕ್ಷೆಗೆ ಹಾಕ್ತಾರೆ. ಬೀದಿದೀಪದ ಬಲ್ಬು ಪಂಚಾಯ್ತಿದು, ಕಂಬ ಕರೆಂಟ್ ಕಂಪನಿ ಹೆಸ್ಕಾಂದು, ಹೆದ್ದಾರಿ 66 ಎರಡೂ ಕಡೆಯವರದ್ದಲ್ಲ ಅಂತ ಬೇರೆಬೇರೆ ಬಣ್ಣ ಹಚ್ತಾರೆ. ಇಷ್ಟು ಚೆನ್ನಾಗಿ ನಡೀತದೆ.

ತೊಡಕು ಬರೋದು ಅಣಕು ಗ್ರಾಮಸಭೆಯಲ್ಲಿ. ಗಜನಿ (ಉಪ್ಪುನೀರು ನುಗ್ಗೋ ತಗ್ಗು ಗದ್ದೆ) ಅಂಚಿನ ನಾಲ್ಕಾರು ಮನೆಗಳ ಬಾವಿ ಬೇಸಿಗೆಗೆ ಉಪ್ಪಾಗ್ತದೆ. ಆ ಮನೆ ಮಕ್ಕಳು ಕುಡಿಯೋ ನೀರು ಕೇಳ್ತಾರೆ, ಉಳಿದವರೆಲ್ಲ ಆಟದ ಮೈದಾನಕ್ಕೆ ಕೈ ಎತ್ತುತ್ತಾರೆ. ಸೋತ ಮಕ್ಕಳು ಮುಂದಿನ ಸಭೆಯಲ್ಲಿ ಬಾಯೇ ಬಿಡೋದಿಲ್ಲ, ನಮಗೆ ಕಳವಳ ಇರೋದು ಅದೇ.

ಚೀಟಿ ಹಾಕಿಸಿದೆವು. ಗೆಳೆಯರ ಮುಖ ನೋಡಿ ಕೈ ಎತ್ತೋದು ನಿಂತಿತು, ಫಲಿತಾಂಶ ಅದೇ. 'ನೀನು ಗಜನಿ ಮನೆ ಅಜ್ಜಿ' ಅಂತ ಪಾತ್ರ ಕೊಟ್ಟರೆ ಚಂದ ಮಾತಾಡ್ತಾರೆ, ಮತ ಮಾತ್ರ ಮೈದಾನಕ್ಕೆ. ನಾವು 'ನೀರು ಮುಖ್ಯ' ಅಂದುಬಿಟ್ಟರೆ ಎಲ್ಲ ಕೈಯೂ ನೀರಿಗೆ! ಅದು ಸಭೆಯಲ್ಲ, ಟೀಚರ್ ಅಪ್ಪಣೆ.

ಬಹುಮತ ಬೇರೆ, ಅಗತ್ಯ ಬೇರೆ ಅಂತ ಮಕ್ಕಳೇ ಕಂಡುಕೊಳ್ಳೋ ಹಾಗೆ, 40 ನಿಮಿಷದ ಒಂದು ಪೀರಿಯಡ್ಡಿನಲ್ಲಿ ಮುಗಿಯೋ ಚಟುವಟಿಕೆ ಯಾರಾದರೂ ಮಾಡಿಸಿದ್ದೀರಾ? ಅದನ್ನು ಮತಕ್ಕೆ ಮೊದಲು ಮಾಡಿಸಬೇಕೋ, ಆಮೇಲೋ? ದಯವಿಟ್ಟು ಹಂತಹಂತವಾಗಿ ತಿಳಿಸಿ.