ಸಹಾಯ ಬೇಕು: ಇದು ನನ್ನ ಶೈಲಿಯೋ, ಕೈಯ ಚಟವೋ?

ಮಾನ್ಯರೇ, ಕೋಲಾರದವಳಾದ ನಾನು ಚಿತ್ರಕಲೆಯ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಎರಡು ವರ್ಷಗಳಿಂದ ಕೆ.ಜಿ.ಎಫ್.ನ (ಕೋಲಾರ ಚಿನ್ನದ ಗಣಿ ಪ್ರದೇಶದ) ಸೈನೈಡ್ ದಿಬ್ಬಗಳನ್ನೇ, ಅಂದರೆ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ರಾಶಿಗಳನ್ನೇ, ಚಿತ್ರಿಸುತ್ತಿದ್ದೇನೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಉಳಿದುಕೊಂಡಿರುವ ಆ ಗುಡ್ಡಗಳಲ್ಲಿ ಮಳೆನೀರು ಕೊರೆದ ಸೀಳುಗಳು ಸಂಜೆಯ ಓರೆಬಿಸಿಲಿಗೆ ತೆಳು ನೇರಳೆಯಾಗಿ ಕಾಣುತ್ತವೆ. ಅದನ್ನು ಹಿಡಿಯಲೆಂದು ತೈಲವರ್ಣವನ್ನು ದಪ್ಪಗೆ ಬಳಿದು, ಒಣಗುವ ಮುನ್ನ ಪ್ಯಾಲೆಟ್ ಚಾಕುವಿನಿಂದ ಕೆರೆಯುವ ಕ್ರಮವನ್ನು ರೂಢಿಸಿಕೊಂಡೆ.

ತೊಂದರೆಯೆಂದರೆ, ಈಗ ನಮ್ಮೂರಿನ ಅಂತರಗಂಗೆ ಬೆಟ್ಟದ ಬಂಡೆಗಳನ್ನು ಬರೆದರೂ, ಅಜ್ಜಿಯ ಮುಖವನ್ನು ಬರೆದರೂ ಕೈ ಅದೇ ಕೆರೆತಕ್ಕೆ ಹೋಗುತ್ತದೆ. (ಅಜ್ಜಿಯಂತೂ ತನ್ನ ಕೆನ್ನೆಯನ್ನು ಬೆಕ್ಕು ಪರಚಿದೆಯೇ ಎಂದು ಕೇಳಿದರು.) ಮಾರ್ಗದರ್ಶಕರು ಇದನ್ನೇ ನನ್ನ ಶೈಲಿಯೆಂದು ಮೆಚ್ಚುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ನೃತ್ಯದ ರೇಖಾಚಿತ್ರಗಳನ್ನು ನಕಲು ಮಾಡುತ್ತಾ ಕಲಿತವಳು ನಾನು. ಅಲ್ಲಿ ರೇಖೆ ನರ್ತಕಿಯ ಚಲನೆಯಿಂದಲೇ ಹುಟ್ಟಿದಂತಿರುತ್ತದೆ, ನನ್ನ ಕೆರೆತವಾದರೋ ವಸ್ತುವಿನ ಮೇಲೆ ಹೊರಗಿನಿಂದ ಹೇರಿದಂತಿದೆ.

ಪದವಿ ಪ್ರದರ್ಶನಕ್ಕೆ ಇನ್ನು ಮೂರು ತಿಂಗಳಿದೆ. ಚಾಕುವನ್ನು ಪೂರ್ತಿ ಬದಿಗಿಟ್ಟು ಜಲವರ್ಣಕ್ಕೆ ಹೊರಳಬೇಕೇ, ಅಥವಾ ದಿಬ್ಬಗಳಿಗೆ ಮಾತ್ರ ಅದನ್ನು ಮೀಸಲಿಡಬೇಕೇ? ಇಂಥ ಹಂತವನ್ನು ದಾಟಿದ ಹಿರಿಯರು ತಾವು ಏನನ್ನು ಕೈಬಿಟ್ಟಿರೆಂದು ದಯವಿಟ್ಟು ತಿಳಿಸಿ.