ಪದ ಬೇಕು: ಚಳಿಗೆ ತೆರೆಯದ ಕಾರಿನ ಬಾಗಿಲು

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನಿಯಾಪೊಲಿಸ್‌ನಲ್ಲಿ. ಊರಿನಿಂದ ಬಂದಿರುವ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ನಾಳೆ ಪ್ರಿಂಟ್‌ಗೆ ಕೊಡಬೇಕು. ಕಾರಿನ ಬಾಗಿಲ ಸುತ್ತ ಇರುವ ರಬ್ಬರಿಗೆ ನೀರಿಳಿದು, ರಾತ್ರಿ ಮೈನಸ್ 20 ಡಿಗ್ರಿಯಲ್ಲಿ ಐಸಾಗಿ, ಬೆಳಿಗ್ಗೆ ಬಾಗಿಲು ಬರುವುದೇ ಇಲ್ಲ. ಇದಕ್ಕೆ 'ಹೆಪ್ಪುಗಟ್ಟಿದ ಬಾಗಿಲು' ಅನ್ನಬಹುದಾ? ಆ ರಬ್ಬರಿಗೆ ಏನನ್ನಬೇಕು? ಹೋದ ವಾರ ನಮ್ಮ ಮಾವ ಜೋರಾಗಿ ಎಳೆದರು, ಹಿಡಿಕೆ ಮುರಿದು ಕೈಗೇ ಬಂತು. ಅದಕ್ಕೇ ಇಷ್ಟು ಅವಸರ.

---

ಹೆಪ್ಪುಗಟ್ಟುವುದು ಹಾಲು, ರಕ್ತ. ಬಾಗಿಲಲ್ಲ. 'ನೀರ್ಗಲ್ಲು ಹಿಡಿದ ಬಾಗಿಲು' ಅನ್ನಿ. ಐಸ್ ಯಾಕೆ ಬೇಕು? ಪ್ರಿಂಟ್ ಯಾಕೆ? ಅಚ್ಚು ಅನ್ನೋಕೆ ಏನು ಕಷ್ಟ?

---

ಹೆಪ್ಪಿನ ಮಾತು ಒಪ್ಪಿದೆ. ನೀರ್ಗಲ್ಲು ಒಪ್ಪಲ್ಲ. ಸೂಚನೆ ಓದುವ ಅಜ್ಜಿಗೆ ಅದು ಯಾವ ಕಲ್ಲು ಅಂತಲೇ ಗೊತ್ತಾಗಲ್ಲ. ಸುಮ್ನೆ ಮಂಜು ಅಂದರೂ ಕೊಡಗಿನ ಬೆಳಗಿನ ಮಂಜೇ ನೆನಪಾಗುತ್ತದೆ.

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಮರದ ಬಾಗಿಲು ನೀರು ಕುಡಿದು ಉಬ್ಬುತ್ತದೆ. ಆಗ 'ಬಾಗಿಲು ಹಿಡ್ಕೊಂಡಿದೆ' ಅಂತೀವಿ. ಹಾಗಂದ ಕೂಡಲೇ ಯಾರೂ ಎಳೆಯಲು ಹೋಗುವುದಿಲ್ಲ. ಭುಜ ಕೊಟ್ಟು ಒಮ್ಮೆ ಒತ್ತಿ, ಸಡಿಲ ಮಾಡಿ, ಆಮೇಲೆ ಎಳೆಯುತ್ತಾರೆ. ನಿಮ್ಮ ಕಾರಿಗೂ ಅದೇ ಉಪಾಯ ಅಲ್ವಾ? ಒತ್ತಿದರೆ ಐಸ್ ಬಿರಿಯುತ್ತದೆ. ಮಾಡಬೇಕಾದ ಕೆಲಸವನ್ನೂ ಹೇಳುವ ಮಾತು ಕೈಯಲ್ಲೇ ಇರುವಾಗ ಹೊಸದನ್ನು ಯಾಕೆ ಕಟ್ಟಬೇಕು?

ರಬ್ಬರಿಗೆ ಗ್ಯಾರೇಜಿನವರು ಬೀಡಿಂಗ್ ಅಂತಾರೆ. ಅದನ್ನೇ ಬರೆಯಿರಿ. ಚಾವಿ ಪೋರ್ಚುಗೀಸರಿಂದ ಬಂತು, ಅದನ್ನು ಯಾರು ಬಿಟ್ಟಿದ್ದಾರೆ?

---

ಬೀಗದಕೈ ಇತ್ತು. ಚಾವಿ ಬಂದು ಅದನ್ನು ಮೂಲೆಗೆ ತಳ್ಳಿತು. ನಾನು ಹೇಳುತ್ತಿರುವುದೂ ಅದನ್ನೇ.

---

ಇಬ್ಬರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ:

'ಬಾಗಿಲು ಹಿಡಿದುಕೊಂಡಿದ್ದರೆ ಎಳೆಯಬೇಡಿ. ಮೈಭಾರ ಬಿಟ್ಟು ಅಂಚಿನುದ್ದಕ್ಕೂ ಒತ್ತಿ. ಬಾರದಿದ್ದರೆ ಬೇರೆ ಬಾಗಿಲು ನೋಡಿ. ಬಿಸಿನೀರು ಸುರಿಯಬೇಡಿ. ಗಾಜು ಸೀಳಬಹುದು, ಸುರಿದ ನೀರೂ ಮತ್ತೆ ಐಸಾಗುತ್ತದೆ. ತೆರೆದ ಮೇಲೆ ಬೀಡಿಂಗ್ ಒರೆಸಿ ಒಣಗಿಸಿ, ಸಿಲಿಕೋನ್ ಸ್ಪ್ರೇ ಹಾಕಿ.'

ಇನ್ನೊಂದೇ ಉಳಿದಿದೆ. ಗಾಜಿನ ಮೇಲಿನ ಐಸನ್ನು ಕೆರೆಯುವುದಾ, ಹೆರೆಯುವುದಾ? ನಮ್ಮಮ್ಮ ಕಾಯಿ ಹೆರೆಯುತ್ತಾರೆ, ಸೀದ ಪಾತ್ರೆ ಕೆರೆಯುತ್ತಾರೆ. ಅಚ್ಚಿಗೆ ಹೋಗುವ ಮೊದಲು ಹೇಳಿ.