ಎಂಟು ವರ್ಷದ ನಂತರ ಮತ್ತೆ ಎಲೆಕ್ಟ್ರಿಷಿಯನ್ ಕೆಲಸ: ಯಾವ ಕಾಗದ ಬೇಕು?

ಪ್ರಶ್ನೆ (ಸಿಂಧನೂರು ಕಡೆಯಿಂದ):
ನಮಸ್ಕಾರ ಸರ್. 2009ರಲ್ಲಿ ರಾಯಚೂರಿನಲ್ಲಿ ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದೆ. ಕಾರಟಗಿ, ಗಂಗಾವತಿಯ ರೈಸ್ ಮಿಲ್‌ಗಳಲ್ಲಿ ಮೋಟರ್, ಪ್ಯಾನೆಲ್ ಕೆಲಸ ಮಾಡಿದ್ದೇನೆ, ಮನೆ ವೈರಿಂಗ್ ಕೂಡ. ಅಪ್ಪನಿಗೆ ಆರಾಮ ಇರಲಿಲ್ಲ, ಊರಿಗೆ ಬಂದು ನೆಲ್ಲಿನ ಗದ್ದೆ ನೋಡಿಕೊಂಡೆ. ಎಂಟು ವರ್ಷ ಟೆಸ್ಟರ್ ಮುಟ್ಟಿಲ್ಲ. ಈಗ ಗದ್ದೆ ತಮ್ಮ ನೋಡಿಕೊಳ್ಳುತ್ತಾನೆ, ನಾನು ಮತ್ತೆ ಕೆಲಸಕ್ಕೆ ಇಳಿಯಬೇಕು. ವೈರ್‌ಮನ್ ಪರ್ಮಿಟ್ ಅವಧಿ ಯಾವಾಗಲೋ ಮುಗಿದಿದೆ. ಐಟಿಐ ಸರ್ಟಿಫಿಕೇಟ್ ಇನ್ನೂ ನಡೆಯುತ್ತಾ? ಇಲ್ಲೊಬ್ಬರು ಹೊಸದಾಗಿ ಕೋರ್ಸ್ ಮಾಡಲೇಬೇಕು, ದುಡ್ಡು ಕೊಟ್ಟರೆ ಒಂದೇ ವಾರದಲ್ಲಿ ಸರ್ಟಿಫಿಕೇಟ್ ಕೊಡಿಸ್ತೀನಿ ಅನ್ನುತ್ತಿದ್ದಾರೆ.

ಉತ್ತರ (ಬಳ್ಳಾರಿ, ಎಲೆಕ್ಟ್ರಿಕಲ್ ಸೂಪರ್‌ವೈಸರ್):
ಮೊದಲು ಆ ವಾರದ ಸರ್ಟಿಫಿಕೇಟ್‌ನವರಿಗೆ ಕೈ ಮುಗಿದು ಬಂದುಬಿಡಿ. ನಿಮಗೆ ಅದು ಬೇಕಿಲ್ಲ.

ಐಟಿಐ ಮುಗಿಸಿದಾಗ ಕೊಡುವ ಎನ್‌ಟಿಸಿಗೆ, ಅಂದರೆ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್‌ಗೆ, ಎಕ್ಸ್‌ಪೈರಿ ಇಲ್ಲ. 2009ರದ್ದಾದರೂ ಅದು ಎನ್‌ಟಿಸಿನೇ. ಹರಿದಿದ್ದರೆ, ಕಳೆದಿದ್ದರೆ ಓದಿದ ಐಟಿಐ ಪ್ರಾಂಶುಪಾಲರ ಹತ್ತಿರ ಹೋಗಿ ನಕಲು ಪ್ರತಿಗೆ ಅರ್ಜಿ ಕೊಡಿ. ಅವಧಿ ಮುಗಿಯುವುದು ಪರ್ಮಿಟ್‌ದು ಮಾತ್ರ. ಈ ಎರಡನ್ನೂ ಜನ ಒಂದೇ ಅಂದುಕೊಂಡು ಗಾಬರಿ ಆಗ್ತಾರೆ. ಐಟಿಐ ಅಂದರೆ ಕೆಲಸ ಕಲಿತಿದ್ದೀರಿ ಅನ್ನೋದಕ್ಕೆ ದಾಖಲೆ, ಪರ್ಮಿಟ್ ಅಂದರೆ ಆ ಕೆಲಸಕ್ಕೆ ಕೈ ಹಾಕಬಹುದು ಅಂತ ಸರ್ಕಾರ ಕೊಡುವ ಅನುಮತಿ.

ಇನ್ನೊಂದು, ಪರ್ಮಿಟ್ ಕೇಳಿಕೊಂಡು ಗೆಸ್ಕಾಂ ಆಫೀಸಿಗೆ ಹೋಗಬೇಡಿ. ಅವರು ಕರೆಂಟ್ ಕೊಡುವವರು, ಪರ್ಮಿಟ್ ಕೊಡುವವರಲ್ಲ. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಮೂರೂ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಬರುತ್ತವೆ. ನಿಮ್ಮ ಜಿಲ್ಲೆ ನೋಡಿಕೊಳ್ಳುವ ವಿದ್ಯುತ್ ಪರಿವೀಕ್ಷಕರ ಕಚೇರಿಗೆ ಹಳೆ ಪರ್ಮಿಟ್ ಒಯ್ದು ತೋರಿಸಿ. ಇದನ್ನೇ ನವೀಕರಿಸಬಹುದಾ, ಹೊಸ ಅರ್ಜಿ ಹಾಕಬೇಕಾ ಅಂತ ಅದರ ದಿನಾಂಕ ನೋಡಿ ಅವರೇ ಹೇಳ್ತಾರೆ. ಶುಲ್ಕ ಎಷ್ಟು ಅಂತ ಅಲ್ಲೇ ಕೇಳಿ, ನಡುವೆ ಯಾರ ಕೈಗೂ ದುಡ್ಡು ಕೊಡಬೇಡಿ.

ಪರ್ಮಿಟ್ ಇಲ್ಲದೆ ಏನೂ ಮಾಡಬಾರದಾ ಅಂದರೆ ಹಾಗಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಅಂತ ಇದೆ, 2010ರದ್ದು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಕ್ಕೆ ಅದು ವಿನಾಯಿತಿ ಕೊಡುತ್ತೆ. ಅದಕ್ಕಿಂತ ಮೇಲಿನದು, ಅಂದರೆ ಹೊಸ ವೈರಿಂಗ್, ಲೋಡ್ ಹೆಚ್ಚಿಸುವುದು, ಇದ್ದದ್ದನ್ನು ಮಾರ್ಪಡಿಸುವುದು, ಇದೆಲ್ಲ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ, ಸೂಪರ್‌ವೈಸರ್ ನಿಗಾದಲ್ಲಿ, ಪರ್ಮಿಟ್ ಇದ್ದವರ ಕೈಯಿಂದಲೇ ಆಗಬೇಕು. ಹೊಸ ಮನೆಗೆ ಮೀಟರ್ ಹಾಕಿಸುವಾಗ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಮಾಡುವವರೂ ಆ ಲೈಸೆನ್ಸ್ ಗುತ್ತಿಗೆದಾರರೇ. "ಕೆಲಸ ನಾನು ಮಾಡ್ತೀನಿ, ಸಹಿ ಯಾರದ್ದಾದರೂ ಹಾಕಿಸೋಣ" ಅನ್ನೋದು ನಮ್ಮ ಕಡೆ ಜಾಸ್ತಿ. ನಾಳೆ ಆ ಮನೇಲಿ ಯಾರಿಗಾದರೂ ಶಾಕ್ ಹೊಡೆದರೆ ಇಬ್ಬರೂ ಸಿಕ್ಕಿಬೀಳ್ತೀರಿ.

ಹಾಗಾಗಿ ಸದ್ಯಕ್ಕೆ ಲೈಸೆನ್ಸ್ ಇರುವ ಒಬ್ಬ ಗುತ್ತಿಗೆದಾರರ ಕೈ ಕೆಳಗೆ ಸೇರಿ. ಪರ್ಮಿಟ್ ಬರೋವರೆಗೂ ಸಹಾಯಕರಾಗಿ ಇರಿ, ಕೈಗೂ ರೂಢಿ ಬರುತ್ತೆ.

ತೋರಣಗಲ್ಲಿನ ಸ್ಟೀಲ್ ಪ್ಲಾಂಟ್, ಕುಡಿತಿನಿ, ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಕಡೆ ಗುತ್ತಿಗೆ ಕೆಲಸಕ್ಕೆ ಹೋಗೋದಾದರೆ ಐಟಿಐ ಜೊತೆ ಅನುಭವ ಪತ್ರ, ಮೆಡಿಕಲ್ ಫಿಟ್‌ನೆಸ್ ಕೇಳ್ತಾರೆ, ಸೇಫ್ಟಿ ಟ್ರೇನಿಂಗ್ ಆದ ಮೇಲೇ ಗೇಟ್ ಪಾಸ್. ಎಂಟು ವರ್ಷ ಎಲ್ಲಿದ್ರಿ ಅಂದರೆ ಗದ್ದೆಯಲ್ಲಿದ್ದೆ ಅಂತ ನೇರ ಹೇಳಿ. ಸುಳ್ಳು ಅನುಭವ ಪತ್ರ ತಂದವರು ದೊಡ್ಡ ಮೋಟರ್ ಚಾಲೂ ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರಿನ ಕಂಟ್ರೋಲ್ ಸರ್ಕ್ಯೂಟ್ ಬರೀರಿ ಅಂದ ಕೂಡಲೇ ಬೆವರ್ತಾರೆ. ನೀವು ಮಿಲ್‌ನಲ್ಲಿ ಇದ್ದವರು, ಅದು ನಿಮಗೆ ಬರುತ್ತೆ. ಮೆಗ್ಗರ್, ಅಂದರೆ ಇನ್ಸುಲೇಷನ್ ಸರಿ ಇದೆಯಾ ಅಂತ ಅಳೆಯುವ ಮೀಟರ್, ಹಿಡಿಯೋದನ್ನೂ ನೆನಪು ಮಾಡಿಕೊಳ್ಳಿ. ಎಲ್‌ಟಿ (ಮನೆ, ಮಿಲ್‌ಗೆ ಬರುವ ಕಡಿಮೆ ವೋಲ್ಟೇಜ್) ಇನ್‌ಸ್ಟಾಲೇಷನ್ ಆದರೆ 500 ವೋಲ್ಟ್ ಡಿಸಿ, ಒಂದು ನಿಮಿಷ, ಲೈವ್‌ನಿಂದ ಅರ್ತ್‌ಗೆ ಕನಿಷ್ಠ 1 ಮೆಗಾಓಮ್ ಬರಬೇಕು. ಮಿಲ್ ಮೋಟರಿನ ಟರ್ಮಿನಲ್ ಬಾಕ್ಸ್‌ನಲ್ಲಿ ತೌಡಿನ ಧೂಳು ಕೂತು, ಮಳೆಗಾಲದಲ್ಲಿ ಅದು ತೇವ ಹಿಡಿದು ರೀಡಿಂಗ್ ಬಿದ್ದಿರುತ್ತೆ. ಬಾಕ್ಸ್ ಒರೆಸಿ, ಒಣಗಿಸಿ, ಇನ್ನೊಮ್ಮೆ ಹಿಡೀರಿ. ಆಮೇಲೂ ಏಳದಿದ್ದರೆ ವೈಂಡಿಂಗ್ ಬಗ್ಗೆ ಮಾತಾಡೋಣ.

ಈ ಎಂಟು ವರ್ಷದಲ್ಲಿ ಪುಸ್ತಕವೂ ಬದಲಾಗಿದೆ. ಅರ್ತಿಂಗ್‌ನ ಭಾರತೀಯ ಮಾನಕ ಐಎಸ್ 3043, 2018ರಲ್ಲಿ ಪರಿಷ್ಕರಣೆ ಆಯ್ತು, ವೈರಿಂಗ್‌ನ ಐಎಸ್ 732, 2019ರಲ್ಲಿ. ಮನೆಗಳಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯುವ ಸ್ವಿಚ್, ಈಗ ಮಾಮೂಲು. ಮೊದಲೆಲ್ಲ ನಾವು ಎರಡು ಸರ್ಕ್ಯೂಟಿನ ನ್ಯೂಟ್ರಲ್ ಸಿಕ್ಕಲ್ಲಿ ಕೂಡಿಸಿಬಿಡ್ತಿದ್ದೆವು. ಈಗ ಒಂದು ಸರ್ಕ್ಯೂಟ್‌ನ ನ್ಯೂಟ್ರಲ್ ಆರ್‌ಸಿಸಿಬಿ ದಾಟದೆ ಬೇರೆ ದಾರಿಯಲ್ಲಿ ವಾಪಸ್ ಹೋದರೆ ಲೈಟ್ ಹಾಕಿದ ಕೂಡಲೇ ಟ್ರಿಪ್. ಆಗ ಮನೆಯವರು ಬೈತಾರೆ, ವೈರ್‌ಮನ್ ಆರ್‌ಸಿಸಿಬಿನೇ ಬೈಪಾಸ್ ಮಾಡಿ ಹೋಗ್ತಾನೆ. ಆ ಕೆಲಸ ಮಾತ್ರ ಮಾಡಬೇಡಿ.

ಪ್ರಶ್ನೆ (ಕುಷ್ಟಗಿ):
ಅಣ್ಣಾ, ನನಗೆ ಐಟಿಐನೇ ಇಲ್ಲ. ಮಾವನ ಜೊತೆ ಕೆಲಸ ಮಾಡ್ತಾ ಕಲಿತಿದ್ದು. ಆರ್‌ಪಿಎಲ್ ಅಂತ ಇದೆಯಂತಲ್ಲ, ಅದು ಮಾಡಿಸಿದರೆ ಪರ್ಮಿಟ್ ಸಿಕ್ಕ ಹಾಗೇನಾ?

ಉತ್ತರ:
ಇಲ್ಲ ತಮ್ಮಾ. ಆರ್‌ಪಿಎಲ್ ಅಂದರೆ ಕೆಲಸ ಮಾಡ್ತಾ ಕಲಿತದ್ದನ್ನು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ, ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯಲ್ಲಿ ಬರುತ್ತೆ. ಕಂಪನಿಯಲ್ಲಿ ಕೆಲಸ ಕೇಳುವಾಗ ಅನುಕೂಲ, ಮಾಡಿಸಿ. ಆದರೆ ಅದೇ ಪರ್ಮಿಟ್ ಅಲ್ಲ. ವಯಸ್ಸು ಕಡಿಮೆ ಇದ್ದರೆ ನನ್ನ ಮಾತು ಕೇಳಿ, ಎರಡು ವರ್ಷ ಐಟಿಐ ಮಾಡಿಬಿಡು.

ಪ್ರಶ್ನೆ (ಬಳ್ಳಾರಿ):
ಸರ್, ನಾನೂ ಎಲೆಕ್ಟ್ರಿಷಿಯನ್ ಐಟಿಐ. ಮದುವೆ, ಮಕ್ಕಳು ಅಂತ ಬಿಟ್ಟಿದ್ದೆ. ಕರೆಂಟ್ ಕಂಪನಿಯ ಲೈನ್ ಕೆಲಸದ ಜೂನಿಯರ್ ಪವರ್‌ಮ್ಯಾನ್ ಹುದ್ದೆಗೆ ಅರ್ಜಿ ಹಾಕಬಹುದಾ? ಸೋಲಾರ್ ಕಡೆ ಹೋಗೋದು ಒಳ್ಳೆಯದಾ?

ಉತ್ತರ:
ಅಕ್ಕ, ಜೂನಿಯರ್ ಪವರ್‌ಮ್ಯಾನ್‌ಗೆ ಎಸ್ಸೆಸ್ಸೆಲ್ಸಿ ಅಂಕವೇ ಲೆಕ್ಕ, ಐಟಿಐ ಅಲ್ಲ. ಕಂಬ ಹತ್ತುವ ಪರೀಕ್ಷೆ ಕಡ್ಡಾಯ. 2024ರ ಅಧಿಸೂಚನೆಯಲ್ಲಿ ವಯೋಮಿತಿ ಸಾಮಾನ್ಯ ವರ್ಗಕ್ಕೆ 35 ಇತ್ತು, ಮುಂದಿನದು ಬಂದಾಗ ಅದನ್ನೇ ಮೊದಲು ನೋಡಿ. ನಮ್ಮ ಕಲ್ಯಾಣ ಕರ್ನಾಟಕದವರು 371ಜೆ (ಈ ಭಾಗದವರಿಗಿರುವ ಮೀಸಲಾತಿ) ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿ ಇಟ್ಟುಕೊಳ್ಳಬೇಕು, ಅಧಿಸೂಚನೆ ಬಂದ ಮೇಲೆ ಉಪವಿಭಾಗಾಧಿಕಾರಿ ಕಚೇರಿ ಮುಂದೆ ಸಾಲು ನಿಲ್ಲೋದು ಬೇಡ.

ಸೋಲಾರ್ ಒಳ್ಳೆಯದೇ. 2024ರಲ್ಲಿ ಪಿಎಂ ಸೂರ್ಯ ಘರ್ ಬಂತು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ, ಹಾಗಾಗಿ ಕೆಲಸ ಇದೆ. ಸೂರ್ಯಮಿತ್ರ ಅಂತ 600 ಗಂಟೆಯ ತರಬೇತಿ ಇದೆ, ಐಟಿಐನವರು ಸೇರಬಹುದು. ಆದರೆ ಪ್ಯಾನೆಲ್‌ನಿಂದ ಬರೋದು ಡಿಸಿ ಕರೆಂಟ್, ಆ ಕಡೆ ಹುಷಾರು. ಮನೆಗೆ ಬರುವ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತೆ, ಕಿಡಿ ಆರಲು ಅವಕಾಶ ಸಿಗುತ್ತೆ. ಡಿಸಿಗೆ ಅದಿಲ್ಲ, ಕಿಡಿ ಎಳೆದುಕೊಂಡೇ ಹೋಗುತ್ತೆ. ಅಲ್ಲಿ ಮನೆಯ ಎಸಿ ಲೈನಿಗೆ ಹಾಕುವ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಲೇಬಾರದು.

ಸಿಂಧನೂರಿನವರು:
ತುಂಬಾ ಥ್ಯಾಂಕ್ಸ್ ಸರ್. ಸೋಮವಾರ ಹೋಗ್ತೀನಿ. ಒರಿಜಿನಲ್ ಬೇಕಾ, ಝೆರಾಕ್ಸ್ ಸಾಕಾ?

ಉತ್ತರ:
ಎರಡೂ ಒಯ್ಯಿರಿ, ಒರಿಜಿನಲ್ ತೋರಿಸಿ ವಾಪಸ್ ತಗೊಳ್ಳಿ. ಹೋಗುವ ಮೊದಲು ಆಧಾರ್, ಎಸ್ಸೆಸ್ಸೆಲ್ಸಿ, ಐಟಿಐ ಮೂರರಲ್ಲೂ ಹೆಸರು ಒಂದೇ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಅರ್ಜಿ ಅಲ್ಲೇ ನಿಲ್ಲುತ್ತೆ.